ಮೆಜೆಸ್ಟಿಕ್‌ನಿಂದ ಮೆಜೆಸ್ಟಿಕ್‌ಗೆ ಮೂರು ದಿನದ ಚಾರಣ

ಜಗತ್ತಿಗೆ ಸೊನ್ನೆ ಕೊಟ್ಟವರು ನಾವೇ ಎನ್ನುವುದಕ್ಕೆ ಪುರಾವೆ ಬೇಕಿದ್ದವರು ಬೆಂಗಳೂರಿನ ಯಾವುದಾದರೂ ವೀಕೆಂಡ್ ಟ್ರೆಕ್ ಪ್ಯಾಕೇಜಿನ ವೇಳಾಪಟ್ಟಿ ತೆಗೆದು ನೋಡಬಹುದು. ಅದು ಶುರುವಾಗುವುದೇ 'ದಿನ 0' ಎಂದು. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಸಿಲ್ಕ್ ಬೋರ್ಡ್, ಆಮೇಲೆ ಮೆಜೆಸ್ಟಿಕ್, ಗೊರಗುಂಟೆಪಾಳ್ಯ, ನೆಲಮಂಗಲ. 'ಫೈವ್ ಮಿನಿಟ್ಸ್ ಬ್ರೋ' ಎಂದವನನ್ನು ಕಾದು ಟೆಂಪೋ ಟ್ರಾವೆಲರ್ (ಟಿಟಿ) ಊರು ದಾಟುವಷ್ಟರಲ್ಲಿ ದಿನ 0 ಮುಗಿದು ದಿನ 1 ಹುಟ್ಟಿರುತ್ತದೆ. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ. ಹಿಂದಿನ ಸೀಟಿನಲ್ಲಿ ಕೂತವರಿಗೆ ನಿಜವಾದ ದುರ್ಗಮ ಹಾದಿ ಇಲ್ಲೇ ದಕ್ಕುತ್ತದೆ.

ಪೋಸ್ಟರಿನಲ್ಲಿ ಬರೆದಿರುವುದು 'ಕುದುರೆಮುಖ, 3 ದಿನ 2 ರಾತ್ರಿ'. ಬೆಟ್ಟದ ಪಾಲಿಗೆ ಬರುವುದು ಶನಿವಾರದ ಎಂಟೊಂಬತ್ತು ಗಂಟೆ ಮಾತ್ರ. ಮೊದಲ ರಾತ್ರಿ ಟಿಟಿಯಲ್ಲಿ, ಎರಡನೆಯದು ಹೋಂಸ್ಟೇ ಅಂಗಳದ ಫೈರ್‌ಕ್ಯಾಂಪಿನ ಪಕ್ಕ. ಭಾನುವಾರ ಎಳನೀರು ಫಾಲ್ಸ್, ರಾಣಿ ಝರಿ, ಟೀ ತೋಟದಲ್ಲಿ ಫೋಟೋ. ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕುವಂತಿಲ್ಲ, ಸಂಜೆಯೊಳಗೆ ಎಲ್ಲರೂ ಕೆಳಗಿಳಿದಿರಬೇಕು. ಕಾಡಿನ ಮಟ್ಟಿಗೆ ಒಳ್ಳೆಯ ನಿಯಮವೇ. ಆದರೆ ಪ್ಯಾಕೇಜಿನವರು ಇದನ್ನೂ 'ಲೂಪ್ ಟ್ರೆಕ್', ಅಂದರೆ ಒಂದು ದಾರಿಯಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವ ಚಾರಣ ಎಂದು ಮಾರುತ್ತಾರೆ. ಬುಡದ ಹಳ್ಳಿ ಮುಳ್ಳೋಡಿಯಿಂದ 1,894 ಮೀಟರಿನ ತುದಿಗೆ ಹತ್ತಿದ ದಾರಿಯಲ್ಲೇ ಇಳಿಯಬೇಕು, ಹೋಗಿ ಬರಲು ಸುಮಾರು 20 ಕಿಲೋಮೀಟರ್. ಲೂಪ್ ಎಂದು ಕರೆಯಬಹುದಾದದ್ದು ಮೆಜೆಸ್ಟಿಕ್‌ನಿಂದ ಮೆಜೆಸ್ಟಿಕ್‌ಗೆ ಬರುವ ಟಿಟಿಯ ದಾರಿಯೊಂದೇ.

ಈ ಎಂಟೊಂಬತ್ತು ಗಂಟೆಗೆ ಬೆನ್ನ ಮೇಲೆ 60 ಲೀಟರಿನ ಚೀಲ. ಅದರ ಹೊರಗೆ ನೇತಾಡುವ ಸ್ಟೀಲ್ ಮಗ್, ಸುತ್ತಿಟ್ಟ ಮ್ಯಾಟು, ದಿಕ್ಸೂಚಿಯಿರುವ ಸೀಟಿ. ಒಳಗೆ ಪವರ್ ಬ್ಯಾಂಕ್, ಎರಡು ಜತೆ ಜೀನ್ಸ್, ಬ್ಲೂಟೂತ್ ಸ್ಪೀಕರ್. ನೀರು ಮಾತ್ರ ಅರ್ಧ ಲೀಟರ್. ಇದಕ್ಕೆ ಬೇಕಾದದ್ದು 20-25 ಲೀಟರಿನ ಚೀಲ, ಎರಡು ಲೀಟರ್ ನೀರು, ಚಪಾತಿ-ಚಟ್ನಿಪುಡಿ, ರೇನ್‌ಕೋಟು, ಟಾರ್ಚು, ಒಂದು ಜತೆ ಒಣ ಕಾಲುಚೀಲ, ಎರಡು ಓಆರ್‌ಎಸ್ ಪೊಟ್ಟಣ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿಯುತ್ತಾ ಹೋದವರಿಗೆ ಕಡೆಯ ಏರಿನಲ್ಲಿ ಮೀನಖಂಡ ಹಿಡಿದುಕೊಳ್ಳಬಹುದು. ಚೀಲಕ್ಕೆ ಕಿತ್ತಳೆ ಬಣ್ಣದ ರೇನ್ ಕವರ್ ಹೊದೆಸಿಬಿಟ್ಟರೆ ಬಟ್ಟೆ ಒಣಗಿರುತ್ತದೆ ಎಂಬ ನಂಬಿಕೆ ಇನ್ನೊಂದು. ಮಲೆನಾಡಿನ ಮಳೆ ಕತ್ತಿನಿಂದ ಇಳಿದು, ಬೆನ್ನಿಗೂ ಚೀಲಕ್ಕೂ ನಡುವೆ ಹರಿದು, ಕವರ್ ಇಲ್ಲದ ಆ ಬದಿಯಿಂದಲೇ ಒಳಗೆ ನುಗ್ಗುತ್ತದೆ. ಕವರ್ ಚೆನ್ನಾಗಿದ್ದರಂತೂ ನುಗ್ಗಿದ ನೀರು ತಳದಲ್ಲೇ ನಿಲ್ಲುತ್ತದೆ. ಚೀಲದ ಒಳಗಡೆ ಗೊಬ್ಬರ ಚೀಲದ ಒಳಪದರದಂಥ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಅದರಲ್ಲಿ ಬಟ್ಟೆ ತುಂಬಿ ಬಾಯಿ ತಿರುಚಿ ಕಟ್ಟಿದರೆ ಮುಗಿಯಿತು. ಫೋಟೋದಲ್ಲಿ ಕಾಣಿಸುವುದಿಲ್ಲ ಎಂಬುದೊಂದೇ ಅದರ ದೋಷ.

ಸಂಸೆ ಕಡೆಯಿಂದ ಮುಳ್ಳೋಡಿಗೆ ಜೀಪು. ಅಲ್ಲಿ ಚೆಕ್‌ಪೋಸ್ಟು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಒಟ್ಟಿಗೇ ಬಂದು ನಿಂತ ಮೇಲೆ ಸರ್ಕಾರಕ್ಕೆ ಎಚ್ಚರವಾಗಿ, ಇಲ್ಲಿಗೂ ಆನ್‌ಲೈನ್ ಟಿಕೆಟ್ಟು, ದಿನಕ್ಕೆ 300 ಮಂದಿ ಎಂಬ ಮಿತಿ ಬಂದವು. ಮಿತಿ ಹಾಕಿದವರು ದಿನ ಎಂದರೆ ಇಡೀ ದಿನ ಎಂದುಕೊಂಡಿದ್ದರೋ ಏನೋ. ಸಂಜೆಯೊಳಗೆ ಇಳಿಯಬೇಕಾದ್ದರಿಂದ ಮುನ್ನೂರೂ ಜನ ಬೆಳಗಾದ ಒಂದೆರಡು ತಾಸಿನೊಳಗೇ ಹೊರಡುತ್ತಾರೆ. ಕಾಲುದಾರಿ ಒಬ್ಬರ ಅಗಲದ್ದು. ಒಬ್ಬರಿಗೆ ಎರಡು ಮೀಟರ್ ಹಿಡಿದರೂ 600 ಮೀಟರ್ ಉದ್ದದ ಕ್ಯೂ. ಹಳ್ಳ ದಾಟುವ ಕಡೆ ಮುಂದಿನವಳು ಶೂ ಬಿಚ್ಚಿದರೆ ಹಿಂದಿನ ಇಪ್ಪತ್ತು ಜನ ನಿಲ್ಲಬೇಕು. ಒಂಟಿ ಮರದ ಹತ್ತಿರ ಫೋಟೋಕ್ಕೆ ಬೇರೆಯೇ ಕ್ಯೂ. ಆಗ ಎಲ್ಲರೂ ಎರಡೂ ಬದಿಯ ಹುಲ್ಲಿನ ಮೇಲೆ ಹತ್ತಿ ಹೊಸ ದಾರಿ ತುಳಿಯುತ್ತಾರೆ, ಮುಂದಿನ ಮಳೆಗೆ ಆ ತುಳಿದ ಗೆರೆಯೇ ಚರಂಡಿಯಾಗಿ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ.

ಇಂಬಳದ (ಜಿಗಣೆಯ) ವಿಷಯದಲ್ಲಂತೂ ಪ್ಯಾಕೇಜಿನವರ ವಿಜ್ಞಾನವೇ ಬೇರೆ. 'ಡೋಂಟ್ ವರಿ, ಸ್ಪ್ರೇ ಇದೆ' ಎನ್ನುತ್ತಾರೆ. ಜುಲೈ ಮಳೆಯಲ್ಲಿ ಸ್ಪ್ರೇ ಮೊದಲ ಹಳ್ಳದಲ್ಲೇ ತೊಳೆದುಹೋಗುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದುಕೊಂಡು, ಹತ್ತಿದ ಇಂಬಳಕ್ಕೆ ಮುಟ್ಟಿಸುವುದು ಊರಿನವರ ಪದ್ಧತಿ. ಕೋಲು ಪುಕ್ಕಟೆ, ಹಾಗಾಗಿ ಪ್ಯಾಕೇಜಿನಲ್ಲಿ ಸೇರಿಲ್ಲ. ಇಂಬಳ ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಜಿನುಗುತ್ತದೆ, ಹೆಪ್ಪುಗಟ್ಟದಂತೆ ಅದು ಮದ್ದು ಬಿಟ್ಟು ಹೋಗಿರುತ್ತದೆ. ಇದು ತಿಳಿಯದೆ ಪ್ರತಿ ವಾರ ಯಾರಾದರೊಬ್ಬರು ಹೆಲಿಕಾಪ್ಟರ್ ಬರುತ್ತದೆಯೇ ಎಂದು ಕೇಳುತ್ತಾರೆ.

ತುದಿಯಲ್ಲಿ ಮಂಜು. ಹತ್ತಡಿ ಆಚೆ ಏನೂ ಕಾಣುವುದಿಲ್ಲ, ರೀಲ್ ಮಾತ್ರ ಆಗುತ್ತದೆ.

ಇಳಿಯುವಾಗ ಕಾಲು ಶೂ ಒಳಗೆ ಮುಂದಕ್ಕೆ ಜಾರಿ ಹೆಬ್ಬೆರಳ ಉಗುರು ಪ್ರತಿ ಹೆಜ್ಜೆಗೂ ಗುದ್ದುತ್ತದೆ. ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಿಕೊಂಡು, ಇಳಿಜಾರು ಶುರುವಾಗುವ ಮುನ್ನ ಕಣಕಾಲಿನ ಹತ್ತಿರ ಲೇಸನ್ನು ಬಿಗಿಯಾಗಿ ಕಟ್ಟಿಕೊಂಡರೆ ಅರ್ಧ ನೋವು ಕಡಿಮೆ. ಆದರೆ ಶೂ ಕೊಂಡದ್ದೇ ಗುರುವಾರ. ಅದರ ಬೆಲೆಪಟ್ಟಿಯ ದಾರ ಇನ್ನೂ ಲೇಸಿನ ತೂತಿನಲ್ಲಿದೆ, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಟ್ರೆಕ್ ಲೀಡರ್ ವಾರದ ಐದು ದಿನ ಇನ್ನೊಂದು ಕೆಲಸದಲ್ಲಿರುವ ಹುಡುಗ, 'ಇನ್ನು ಹದಿನೈದೇ ನಿಮಿಷ' ಎಂದು ಮೂರು ತಾಸಿನಿಂದ ಹೇಳುತ್ತಿದ್ದಾನೆ.

ಇಷ್ಟಾದ ಮೇಲೆ 'ಈಗ ನಿಜವಾದ ಬಹುದಿನದ ಚಾರಣ' ಎಂದು ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಾಂಠಕ್ಕೆ ಬುಕಿಂಗು. 3,800 ಮೀಟರಿನ ಆ ಶಿಖರಕ್ಕೆ ಸಾಂಕ್ರಿಯಿಂದ ಜೂಡಾ ಕಾ ತಾಲಾಬ್ ಕಡೆಯಿಂದ ಹತ್ತಿ ಹರ್‌ಗಾಂವ್ ಕಡೆಗೆ ಇಳಿಯಬಹುದು, ಅಂದರೆ ಕೊನೆಗೂ ಸರಿಯಾದೊಂದು ಲೂಪು. ಪ್ಯಾಕೇಜಿನ ಆರು ದಿನದಲ್ಲಿ ಮೊದಲನೆಯದೂ ಕಡೆಯದೂ ಡೆಹ್ರಾಡೂನ್ ರಸ್ತೆಯಲ್ಲೇ ಕಳೆಯುತ್ತವೆ, ಇರಲಿ. 60 ಲೀಟರಿನ ಚೀಲಕ್ಕೆ ತಕ್ಕ ಬೆಟ್ಟ ಸಿಕ್ಕಿತು. ಅಲ್ಲಿ ಚೀಲಕ್ಕೆ ದಿನಕ್ಕಿಷ್ಟು ಎಂದು ಹಣ ಕಟ್ಟಿದರೆ ಹೊರೆ ಹೊರಲು ಹೇಸರಗತ್ತೆ ಬರುತ್ತದೆ. ನಮ್ಮವರು ಎಲ್ಲರೂ ಕಟ್ಟಿದ್ದಾರೆ. ಎರಡು ಜತೆ ಜೀನ್ಸ್, ಮಗ್ಗು, ಸ್ಪೀಕರ್ ಹೊತ್ತು ಮೂರೂ ರಾತ್ರಿಯ ಕ್ಯಾಂಪ್ ಮುಟ್ಟಿದ್ದು ಅದೇ, ಸರ್ಟಿಫಿಕೇಟ್ ಮಾತ್ರ ಅದರ ಹೆಸರಿಗೆ ಬಂದಿಲ್ಲ.