ಟ್ಯೂಬಿನಲ್ಲಿಟ್ಟ ಪ್ರಿಂಟ್ ನಮ್ಮ ಮಳೆಗಾಲ ತಡೆಯಲ್ಲ

ಕಳೆದ ವಾರ ಅಕ್ಕನ ಮಗ ಬೆಂಗಳೂರಿನಿಂದ ಮಡಿಕೇರಿಗೆ ಬರುವಾಗ ರಟ್ಟಿನ ಟ್ಯೂಬ್ ಒಂದು ತಂದಿದ್ದ. ಒಳಗೆ ಒಬ್ಬ ಬೀದಿ ಕಲಾವಿದನ ಸ್ಕ್ರೀನ್ ಪ್ರಿಂಟ್, ಅಂದರೆ ಜಾಲರಿ ಮೂಲಕ ಒಂದೊಂದೇ ಬಣ್ಣ ಒತ್ತಿ ಕಾಗದದ ಮೇಲೆ ಮುದ್ರಿಸಿದ ಚಿತ್ರ. ಒಟ್ಟು ನೂರೇ ಪ್ರತಿ, ಇವನದು 37ನೆಯದು. "ಬಿಚ್ಚಬೇಡಿ ಮಾವ, ನಿಮ್ಮ ಬೀರುವಲ್ಲಿ ಹಾಗೇ ಇರಲಿ. ಐದು ವರ್ಷ ಬಿಟ್ಟು ಮಾರಿದರೆ ಒಳ್ಳೆ ರೇಟ್ ಸಿಗುತ್ತೆ" ಅಂದ. ಆಗಲ್ಲ ಕಣೋ ಅಂದೆ.

ನಾನು ಮೊದಲು ಕೊಂಡ ಪ್ರಿಂಟ್ ಬಸ್ ಕಂಡಕ್ಟರ್ ಹೆಂಗಸಿನದು. ಕಲಾವಿದ ಅದನ್ನು ಮೊದಲು ಅಂಗಡಿಯೊಂದರ ಶಟರ್ ಮೇಲೆ ಬರೆದಿದ್ದ. ಫ್ರೇಮ್ ಹಾಕುವ ಹುಡುಗ "ಗೋಂದು ಹಚ್ಚಿದರೆ ಸುಕ್ಕು ಬರಲ್ಲ ಅಣ್ಣ" ಅಂದ, ನಾನು ಹೂಂ ಅಂದೆ. ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿಬಿಟ್ಟ. ಮಳೆ ಹೊಡೆಯುವ ಹೊರಗೋಡೆಯ ಒಳಬದಿಗೆ ತೂಗುಹಾಕಿದೆ. ಕಕ್ಕಡದ (ನಮ್ಮ ಕೊಡಗಿನ ಆಟಿ ತಿಂಗಳು) ಮಳೆ ಮುಗಿಯುವ ಹೊತ್ತಿಗೆ ಆಕೆಯ ಕೆನ್ನೆ ಮೇಲೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ಅಂಚಿನಲ್ಲಿ ಬಿಳಿ ಬೂಷ್ಟು. ಬಿಡಿಸಲು ಹೋದರೆ ಕಾಗದವೇ ಹರಿಯುತ್ತಿತ್ತು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು ಮಾರಲು ಹೋದರೆ ವ್ಯಾಪಾರಿ ಮೊದಲು ಕೇಳುವುದು ಏನು? ಓಟಿ ಎಷ್ಟು ಬರುತ್ತೆ, ಅಂದರೆ ಸಿಪ್ಪೆ ತೆಗೆದ ಮೇಲೆ ಬೀಜ ಎಷ್ಟು ಉಳಿಯುತ್ತೆ ಅಂತ. ಚೀಲದ ತೂಕ ಒಂದನ್ನೇ ನೋಡಿ ಯಾರೂ ರೇಟ್ ಹೇಳಲ್ಲ. ಪ್ರಿಂಟ್ ಕೂಡ ಹಾಗೇ. ನೂರರಲ್ಲಿ 37 ಆದರೇನು, 82 ಆದರೇನು, ಸಾಮಾನ್ಯವಾಗಿ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರಲ್ಲ. ಕಾಗದ ಹೇಗಿದೆ, ಬಣ್ಣ ಮಾಸಿದೆಯಾ, ಅಂಚು ಕತ್ತರಿಸಿದ್ದಾರಾ, ಸಹಿ ಇದೆಯಾ, ಅಸಲಿ ಅನ್ನುವುದಕ್ಕೆ ಕಾಗದಪತ್ರ ಇದೆಯಾ ಅಂತ ನೋಡುತ್ತಾರೆ.

ಇಂಗ್ಲೆಂಡಿನ ಬೀದಿ ಕಲಾವಿದ ಬ್ಯಾಂಕ್ಸಿಯ ಬಲೂನ್ ಹುಡುಗಿ ಚಿತ್ರವನ್ನೇ ತಗೊಳ್ಳಿ. 2002ರಲ್ಲಿ ಲಂಡನ್‌ನ ಗೋಡೆ ಮೇಲೆ ಬಂದ ಚಿತ್ರ ಅದು. 2004ರಲ್ಲಿ ಪ್ರಿಂಟ್ ಆದಾಗ ಸಹಿ ಇರುವವು 150, ಇಲ್ಲದವು 600. ಚಿತ್ರ ಅದೇ, ಆದರೂ ಸಹಿ ಇರುವುದಕ್ಕೆ ಬೆಲೆ ತುಂಬಾ ಜಾಸ್ತಿ. ನಕಲಿ ಹಾವಳಿ ತಡೆಯಲು 2008ರಿಂದ ಪೆಸ್ಟ್ ಕಂಟ್ರೋಲ್ ಅನ್ನುವ ಅವರದೇ ಕಚೇರಿ ಪ್ರಮಾಣಪತ್ರ ಕೊಡುತ್ತದೆ. ರಾಜಕುಮಾರಿ ಡಯಾನಾ ಮುಖ ಇರುವ ತಮಾಷೆಯ ಹತ್ತು ಪೌಂಡ್ ನೋಟನ್ನು ಹರಿದು ಅರ್ಧ ಆ ಪತ್ರಕ್ಕೆ ಪಿನ್ ಹೊಡೆಯುತ್ತಾರೆ, ಉಳಿದರ್ಧ ಕಚೇರಿಯಲ್ಲೇ ಇರುತ್ತದೆ. ಎರಡೂ ಕೂಡಿದರೆ ಅಸಲಿ. ಎಷ್ಟು ಚೆಂದದ ಉಪಾಯ ಅಲ್ವಾ?

ಅದೇ ಚಿತ್ರದ ಕ್ಯಾನ್ವಾಸ್ ಒಂದು 2018ರ ಅಕ್ಟೋಬರ್‌ನಲ್ಲಿ ಹರಾಜಾಗುತ್ತಿದ್ದಂತೆ, ಫ್ರೇಮಿನೊಳಗೆ ಅಡಗಿಸಿದ್ದ ಯಂತ್ರದಲ್ಲಿ ಅರ್ಧ ಚೂರಾಯಿತು. ಆಗಿನ ಬೆಲೆ ಸುಮಾರು 10 ಲಕ್ಷ ಪೌಂಡ್. 2021ರಲ್ಲಿ ಹರಿದ ರೂಪದಲ್ಲೇ 1 ಕೋಟಿ 85 ಲಕ್ಷ ಪೌಂಡ್ ದಾಟಿತು. ಇದನ್ನು ನೋಡಿ ನಮ್ಮ ಹುಡುಗರು ಕೊಳ್ಳೋದೆಲ್ಲ ಹೀಗೇ ಏರುತ್ತೆ ಅಂದುಕೊಳ್ಳುತ್ತಾರೆ. ದಯವಿಟ್ಟು ಆ ಆಸೆಗೆ ಸಾಲ ಮಾಡಬೇಡಿ. ದಿನಾ ನೋಡಬೇಕು ಅನ್ನಿಸುವುದನ್ನು ಮಾತ್ರ ಕೊಳ್ಳಿ. ಗೋಡೆ ಮೇಲೆ ಹೋಗಿ ಬರುವವರೆಲ್ಲ ನೋಡಲಿ ಅಂತ ಹುಟ್ಟಿದ ಚಿತ್ರವನ್ನು ಬೀರುವಿನ ಕತ್ತಲಲ್ಲಿ ಇಡೋದು ನನಗಂತೂ ಸರಿ ಕಾಣಲ್ಲ.

ಕೊಡಗಿನಲ್ಲಂತೂ ಇಟ್ಟರೂ ಉಳಿಯಲ್ಲ. ಗಾಳಿಯಾಡದ ಕಡೆ ಚಪ್ಪಲಿ, ಬೆಲ್ಟ್, ಮದುವೆ ಆಲ್ಬಮ್ ಯಾವುದನ್ನೂ ಬೂಷ್ಟು ಬಿಡಲ್ಲ. ಒಳಗೋಡೆಗೆ ಹಾಕಿ. ಆಸಿಡ್ ಇಲ್ಲದ ಮೌಂಟ್ (ಫ್ರೇಮಿನೊಳಗೆ ಚಿತ್ರಕ್ಕೆ ಕೊಡುವ ರಟ್ಟು) ಕೇಳಿ ಪಡೆಯಿರಿ, ಗೋಂದು ಬೇಡವೇ ಬೇಡ. ಕಾಗದ ಗಾಜಿಗೆ ತಾಗಬಾರದು. ನೇರ ಬಿಸಿಲೂ ಬೀಳಬಾರದು.

ಕೊನೆಗೆ ಅಕ್ಕನ ಮಗನೇ ಟ್ಯೂಬ್ ಬಿಚ್ಚಿದ. ಸುರುಳಿ ಬಿಡಲೆಂದು ಬಿಳಿ ಕಾಗದದ ನಡುವೆ ಇಟ್ಟು ಮೇಲೆ ಪುಸ್ತಕ ಹೇರಿ ಮೂರು ದಿನ ಬಿಟ್ಟೆವು. ಓರೆಯಾಗಿ ಬೆಳಕು ಬಿದ್ದಾಗ ಕಪ್ಪು ಬಣ್ಣದ ಪದರ ಕೆಂಪಿನ ಮೇಲೆ ಕೂದಲೆಳೆಯಷ್ಟು ಎದ್ದು ನಿಂತದ್ದು ಕಾಣಿಸಿತು. "ಮೊಬೈಲಲ್ಲಿ ಇದು ಕಂಡೇ ಇರಲಿಲ್ಲ ಮಾವ" ಅಂದ. ಈಗ ಫ್ರೇಮ್ ಆಗಿ ನಡುಮನೆಯಲ್ಲಿದೆ. ಹಿಂದೆ ಗಾಳಿಯಾಡಲಿ ಅಂತ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅವನೇ ಅಂಟಿಸಿದ.