ಮಳೆ ಅಲ್ಲಿ, ಸೆಲ್ಫಿ ಪಾಯಿಂಟ್ ಇಲ್ಲಿ

ವಿದೇಶಿಯರು ನಮ್ಮ ಕಡೆ ಯಾಕೆ ಜಾಸ್ತಿ ಬರುತ್ತಿಲ್ಲ ಎಂದು ಚಿಂತಿಸುವ ಸಭೆಗೆ ಹೋದ ವಾರ ನನ್ನನ್ನೂ ಕರೆದಿದ್ದರು. ಯಾವ ಕಚೇರಿ ಅಂತ ಕೇಳಬೇಡಿ. ನಾಳೆ ನಾನು ಮತ್ತೆ ಅದೇ ಬಾಗಿಲಿಗೆ ಹೋಗಬೇಕು.

ಕೊಪ್ಪಳದ ಬಿಸಿಲು, ಮುಚ್ಚಿದ ಕಿಟಕಿ, ಪ್ಲೇಟಿನಲ್ಲಿ ಒಗ್ಗರಣಿ ಮಿರ್ಚಿ. ಬೆಂಗಳೂರಿನಿಂದ ಬಂದ ಸಲಹೆಗಾರರು ಪರದೆಯ ಮೇಲೆ ಎರಡು ಬಾಣ ತೋರಿಸಿದರು. ಒಂದು ತಳ್ಳುವ ಬಾಣ, ಇನ್ನೊಂದು ಎಳೆಯುವ ಬಾಣ. ಮನುಷ್ಯನನ್ನು ಮನೆಯಿಂದ ಹೊರಗೆ ತಳ್ಳುವ ಕಾರಣ ಬೇರೆ, ಒಂದು ಊರು ಅವನನ್ನು ಎಳೆಯುವ ಕಾರಣ ಬೇರೆ. ಮಾತೇನೂ ಸುಳ್ಳಲ್ಲ. 1970ರ ದಶಕದಿಂದ ಪ್ರವಾಸೋದ್ಯಮದ ಪಾಠದಲ್ಲಿ ಈ ಬಾಣಗಳು ಇವೆ. ಆದರೆ ನಮ್ಮ ಸಭೆ ಎಳೆಯುವ ಬಾಣವನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ತಳ್ಳುವುದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ, ಅಲ್ವಾ?

ಎಳೆಯಲು ಏನು ಬೇಕು? ಸೆಲ್ಫಿ ಪಾಯಿಂಟ್.

ಹೋದ ವರ್ಷದ ಸಭೆಯಲ್ಲೂ ಇದೇ ತೀರ್ಮಾನವಾಗಿತ್ತು. ಹೊಳೆದಂಡೆಯಲ್ಲಿ ಆಳೆತ್ತರದ ಇಂಗ್ಲಿಷ್ ಅಕ್ಷರ, ನಡುವೆ ಒಂದು ಕೆಂಪು ಹೃದಯ. ಆ ಹೃದಯ ಕಂಡು ಯಾವ ಜರ್ಮನಿಯವನೂ ವಿಮಾನ ಹತ್ತಲಿಲ್ಲ. ಹಾಗಾಗಿ ಈ ವರ್ಷ ಎರಡನೇ ಹೃದಯ. ಎಲ್ಲರೂ ಮೇಜು ಕುಟ್ಟಿದರು.

ನಾನು ಸುಮ್ನೆ ಕೂರಲಿಲ್ಲ. ಗವಿಮಠದ ಗುಡ್ಡ, ಪಾಲ್ಕಿಗುಂಡು, ಎರಡು ಕಡೆ ಅಶೋಕನ ಶಾಸನ ಇದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ ಅಷ್ಟು ದೂರದಿಂದ ಮಾತು ಕಳಿಸಿ ನಮ್ಮ ಬಂಡೆಯ ಮೇಲೆ ಕೊರೆಸಿದ್ದಾನೆ. ನೋಡಿದವರು ಕೈ ಎತ್ತಿ ಅಂದೆ. ಎರಡು ಕೈ. ಹಿರೇಬೆಣಕಲ್? ನಾಲ್ಕು ನೂರಕ್ಕೂ ಹೆಚ್ಚು ಶಿಲಾ ಸಮಾಧಿಗಳ ಮೋರೇರ ಗುಡ್ಡ, 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ್ದು. ಒಂದು ಕೈ, ಅದೂ ಅರ್ಧ. ಬ್ಯಾಂಕಾಕ್? ಏಳು ಕೈ, ಇಬ್ಬರದು ಎರಡೆರಡು ಸಲ.

ಥಾಯ್ಲೆಂಡಿನವರು ಇವರನ್ನು ಕರೆಸಿಕೊಂಡದ್ದು ಹೃದಯ ನೆಟ್ಟು ಅಲ್ಲ. 2023ರ ನವೆಂಬರ್‌ನಲ್ಲಿ ಭಾರತದವರಿಗೆ ವೀಸಾನೇ ಬೇಡ ಅಂದರು, ಅಷ್ಟೇ.

ಕೊನೆಗೆ ಒಂದು ನಿರ್ಣಯವಾಯಿತು. ಜನ ಯಾಕೆ ಪ್ರವಾಸ ಮಾಡುತ್ತಾರೆ ಎಂದು ತಿಳಿಯಲು ಹನ್ನೆರಡು ಜನರ ತಂಡ ಸಿಂಗಪುರಕ್ಕೆ ಹೋಗಬೇಕು. ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದು ಅರ್ಥಶಾಸ್ತ್ರದವರು ಹೇಳುತ್ತಾರೆ. ಬೆಲೆ ಸೊನ್ನೆಯಾದರೆ ಎಷ್ಟು ಏರುತ್ತದೆ ಎಂಬುದಕ್ಕೆ ಆ ಕೋಣೆಯೇ ಸಾಕ್ಷಿ. ಹನ್ನೆರಡು ಸೀಟಿಗೆ ಹತ್ತೊಂಬತ್ತು ಹೆಸರು ಬಂದವು. ಒಬ್ಬರು ನೀರಾವರಿಯವರು. ಅವರಿಗೂ ಪ್ರವಾಸೋದ್ಯಮಕ್ಕೂ ಏನು ಸಂಬಂಧ ಎಂದರೆ, ಸಿಂಗಪುರದ ಸುತ್ತ ನೀರಿದೆಯಲ್ಲ.

ಸಂಜೆ ಹೊಳೆದಂಡೆಗೆ ಹೋದೆ. ಅಲ್ಲಿ ನಮ್ಮ ಹರಗೋಲಿನ ಕಾಕಾ ಇದ್ದ. ಮೂವತ್ತು ವರ್ಷದಿಂದ ವಿದೇಶಿಯರನ್ನು ದಾಟಿಸಿದವನು. ಆಚೆ ದಡ ಹಂಪಿ, ವಿಜಯನಗರ ಜಿಲ್ಲೆ; ಈಚೆ ದಡ ಕೊಪ್ಪಳ. ಈ ವ್ಯತ್ಯಾಸ ಹರಗೋಲಿಗೂ ಗೊತ್ತಿಲ್ಲ, ಫ್ರಾನ್ಸಿನವರಿಗೂ ಗೊತ್ತಿಲ್ಲ. ಫೈಲಿಗೆ ಮಾತ್ರ ಗೊತ್ತು. ಸಭೆಯ ಕಥೆ ಹೇಳಿದೆ.

"ತಮ್ಮಾ, ನಮ್ಮ ಡ್ಯಾಮ್ ಯಾವಾಗ ತುಂಬತೈತಿ?" ಅಂದ.

"ಮಲೆನಾಡಲ್ಲಿ ಮಳೆಯಾದಾಗ."

"ಹಾಂ. ಇಲ್ಲಿ ಕುಂತು ಮುಗಿಲಿಗೆ ಕೈ ಮುಗದ್ರ ತುಂಬಂಗಿಲ್ಲ. ಇಸ್ರೇಲ್ ಹುಡುಗ್ರು ಯಾಕ ಬರ್ತಿದ್ರು? ಅಲ್ಲಿ ಮಿಲಿಟ್ರಿ ಕಡ್ಡಾಯ. ಅದು ಮುಗಿಸಿ, ಕೈಯಾಗ ಒಂದಿಷ್ಟು ರೊಕ್ಕ ಹಿಡಕೊಂಡು ತಲಿ ಹಗುರ ಮಾಡ್ಕೊಳ್ಳಾಕ ಬರ್ತಿದ್ರು. ಯುರೋಪಿನವ್ರು ಅಲ್ಲಿ ಚಳಿ ಬಿದ್ದಾಗ ಬರ್ತಿದ್ರು. ಮಳಿ ಅಲ್ಲಿ, ನೀರು ಇಲ್ಲಿ."

ಎರಡು ಬಾಣ, ಒಂದೂ ಸ್ಲೈಡ್ ಇಲ್ಲ! ಲೆಕ್ಕವೂ ಕಾಕಾನ ಕಡೆಗೇ ಇದೆ. 2014ರ ಕೊನೆಗೆ ರೂಬಲ್ ಬಿತ್ತು, ಗೋವಾದಲ್ಲಿ ರಷ್ಯನ್ನರು ಕಡಿಮೆಯಾದರು. ಕಡಲು ಅಲ್ಲೇ ಇತ್ತು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ನೋಡಲೇಬೇಕಾದ 52 ಸ್ಥಳಗಳ ಪಟ್ಟಿ ಮಾಡಿ ಹಂಪಿಗೆ 2ನೇ ಸ್ಥಾನ ಕೊಟ್ಟಿತು. ಆ ವರ್ಷ ಜಗತ್ತಿನಲ್ಲಿ ಗಡಿ ದಾಟಿದ ಪ್ರವಾಸಗಳು ಸುಮಾರು 146 ಕೋಟಿ. ಮರುವರ್ಷ ಕೊರೊನಾ ಬಂದು ಅದು 40 ಕೋಟಿ ಆಸುಪಾಸಿಗೆ ಕುಸಿಯಿತು. ಹಂಪಿಯ ಕಲ್ಲಿನ ರಥ ಒಂದಿಂಚೂ ಸರಿದಿರಲಿಲ್ಲ. ಅದೇ 2020ರ ಮಾರ್ಚ್‌ನಲ್ಲಿ ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನಂತೆ ಕೆಡವಿದರು. ಅಕ್ರಮ ಕಟ್ಟಡ, ಕೆಡವಿದ್ದು ಸರಿಯೇ. ಬಂದವರು ಇನ್ನು ಮುಂದೆ ಎಲ್ಲಿ ಇಳಿಯಬೇಕು ಎಂದು ಯೋಚಿಸುವ ಸಭೆಗೆ ಮಾತ್ರ ನನ್ನನ್ನು ಯಾರೂ ಕರೆಯಲಿಲ್ಲ.

"ಹಂಗಾರ ನಮ್ಮ ಕೈಯಲ್ಲಿ ಏನೂ ಇಲ್ಲವೇ ಕಾಕಾ?"

"ಗೇಟ್ ಐತಲ್ಲ. ಬಂದ ನೀರು ನಿಲ್ಲಿಸ್ಕೋಬೇಕು."

2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟ್ ಕೊಚ್ಚಿಹೋಗಿ, ತುಂಬಿದ ನೀರು ಕಣ್ಣೆದುರೇ ಹರಿದು ಹೋದದ್ದು ಈ ಭಾಗದ ಯಾರೂ ಮರೆತಿಲ್ಲ. ಪ್ರವಾಸಿಗೆ ಗೇಟ್ ಅಂದರೆ ಏನು ಎಂದು ನಾನು ಕೇಳುವಷ್ಟರಲ್ಲಿ ಒಬ್ಬ ವಿದೇಶಿ, ಜೊತೆಗೆ ಹೆಂಡತಿ, ಬೆವರು ಒರೆಸಿಕೊಳ್ಳುತ್ತಾ ಬಂದರು. ಆತ ಕಾಕಾನ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ ಒಂದೇ ಪದ ಕೇಳಿದ. ಟಾಯ್ಲೆಟ್?

ಕಾಕಾ ಎದ್ದ. ದಂಡೆಯ ಮೇಲಿದ್ದ ಆಳೆತ್ತರದ ಅಕ್ಷರಗಳನ್ನು, ನಡುವಿನ ಕೆಂಪು ಹೃದಯವನ್ನು ತೋರಿಸಿದ. ಆಮೇಲೆ ಕೈಯನ್ನು ಸ್ವಲ್ಪ ಬಳಸಿ, ಅದರ ಹಿಂದೆ ಎಂದು ಸನ್ನೆ ಮಾಡಿದ. ಆತ ಓಡಿದ. ಹೆಂಡತಿ ಅಲ್ಲೇ ನಿಂತಳು.

ಕಾಕಾ ನನ್ನ ಕಡೆ ತಿರುಗಿದ. "ಎರಡನೇದು ಲಗೂನ ಹಾಕಸು ತಮ್ಮಾ. ಗಂಡಸ್ರಿಗೊಂದು, ಹೆಣ್ಮಕ್ಕಳಿಗೊಂದು ಆಗ್ತೈತಿ."