ಸತ್ಯಾಂಶ: 18 ತುಂಬದಿದ್ದರೆ ಮಾತಾಡುವ ಹಕ್ಕಿಲ್ಲವೇ?

ಕೋಲಾರದ ಕಡೆ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ ಇದು: 'ವಾಕ್ ಸ್ವಾತಂತ್ರ್ಯ 18 ತುಂಬಿದವರಿಗೆ ಮಾತ್ರ. ಸರ್ಕಾರಿ ಶಾಲೆಯ ಬಗ್ಗೆ ದೂರು ಹೇಳಿದ ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಬಹುದು.' ಎರಡೂ ತಪ್ಪು.

ಮತದಾನಕ್ಕೆ ವಯಸ್ಸಿನ ಮಿತಿ ಇದೆ, ನಿಜ. ಗೊಂದಲ ಬಹುಶಃ ಅಲ್ಲಿಂದಲೇ ಹುಟ್ಟಿದ್ದು. ಆದರೆ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿ 'ಎಲ್ಲ ನಾಗರಿಕರಿಗೆ' ಎನ್ನುತ್ತದೆ. ವಯಸ್ಸಿನ ಮಾತೇ ಅಲ್ಲಿಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಒಂದೇ ಮನೆಯ ಮೂವರು ಮಕ್ಕಳನ್ನು ಹೊರಹಾಕಿದರು. ರಾಷ್ಟ್ರಗೀತೆಗೆ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ಧಾರ್ಮಿಕ ನಂಬಿಕೆ ಹಾಗಿತ್ತು. 1986ರಲ್ಲಿ ಸುಪ್ರೀಂ ಕೋರ್ಟ್, ಇದೇ 19ನೇ ವಿಧಿ ಮತ್ತು ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿಯ ಆಧಾರದಲ್ಲಿ, ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಸುಮ್ಮನಿರುವುದಕ್ಕೂ ಈ ಹಕ್ಕಿನ ರಕ್ಷಣೆ ಸಿಕ್ಕಿತಲ್ಲ, ನನಗೆ ಹೆಚ್ಚು ಹಿಡಿಸಿದ್ದು ಅದು.

ಇನ್ನು ಟಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಹಾಗಂತ ಪಾಠದ ನಡುವೆ ಗಲಾಟೆ ಎಬ್ಬಿಸಿ 'ಇದು ನನ್ನ ಹಕ್ಕು' ಎಂದರೆ ನಡೆಯದು. ಮಾನಹಾನಿಯಂಥ ವಿಷಯಗಳಲ್ಲಿ ಸಂವಿಧಾನವೇ ಒಪ್ಪಿರುವ ನಿರ್ಬಂಧಗಳೂ ಇವೆ.

ಶೌಚಾಲಯಕ್ಕೆ ನೀರಿಲ್ಲ, ಸೂರು ಸೋರುತ್ತಿದೆ ಎಂದು ಹೇಳಲು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದೆ. ಮುಳಬಾಗಿಲಾಗಲಿ, ಮಾಲೂರಾಗಲಿ, ಮಕ್ಕಳು ಅಲ್ಲಿ ಅಧಿಕಾರಿಗಳನ್ನೇ ಕೇಳಬಹುದು. ಹೆದರಿಸುವುದು, ಹೊಡೆಯುವುದು ನಡೆದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.